ದರಿಯಾ ದೌಲತ್ತಿನ ಗೋಡೆಗಳು ಹೇಳುವ ಕಥೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮಗೆ ಶ್ರೀರಂಗಪಟ್ಟಣ ಅಂದ್ರೆ ಪಕ್ಕದ ಮನೆ ಇದ್ದ ಹಾಗೆ. ರಂಗನಾಥಸ್ವಾಮಿಯ ದರ್ಶನ, ನಿಮಿಷಾಂಬೆಗೆ ಒಂದು ನಮಸ್ಕಾರ, ಸಂಗಮದ ದಡದಲ್ಲಿ ಪುಳಿಯೋಗರೆ ಬುತ್ತಿ. ಹೊತ್ತು ಮಿಕ್ಕಿದರೆ ದರಿಯಾ ದೌಲತ್ ತೋಟಕ್ಕೆ ಹೋಗಿ, ಒಳಗೊಂದು ಸುತ್ತು ಹಾಕಿ ಬಸ್ಸು ಹಿಡಿಯುತ್ತೇವೆ. ಗೋಡೆಯ ಮೇಲಿನ ಚಿತ್ರಗಳನ್ನು ಯಾರು ಬರೆದರು, ಯಾಕೆ ಬರೆದರು ಅಂತ ಕೇಳುವವರು ಕಡಿಮೆ.

ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಿಗೆಯ ಅರಮನೆ ಈಗ ವಸ್ತುಸಂಗ್ರಹಾಲಯ. ಪಶ್ಚಿಮದ ಗೋಡೆಯ ತುಂಬ ನಮ್ಮ ಕಡೆಯ ಕಲಾವಿದರು ಬರೆದ 1780ರ ಪೊಲ್ಲಿಲೂರು ಯುದ್ಧ ಇದೆ. ಅಲ್ಲಿ ಗೆದ್ದವರು ಹೈದರ್ ಮತ್ತು ಟಿಪ್ಪು. ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಒಳಗೆ ಹೋದರೆ ಕಥೆ ತಿರುಗುಮುರುಗು. ಅಲ್ಲಿರುವ ಇಂಗ್ಲಿಷರ ಚಿತ್ರಗಳಲ್ಲಿ ಗೆದ್ದವರು ಅವರು, ಸೋತವರು ನಾವು. ಒಂದೇ ಸೂರಿನಡಿ ಎರಡು ಕಡೆಯ ಮಾತೂ ಕೇಳಿಸುವ ಇಂಥ ಜಾಗ ಅಪರೂಪ.

1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯ ಹತ್ತಿರ ಯುದ್ಧವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಸುದ್ದಿ ಲಂಡನ್ನಿಗೆ ತಲುಪಿದ ಮೇಲೆ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಆಚೀಚಿನ ಹುಡುಗ ಕೋಟೆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದ. 1800ರಲ್ಲಿ ಜನ ದುಡ್ಡು ಕೊಟ್ಟು, ಸಾಲುಗಟ್ಟಿ ನಿಂತು ನೋಡಿದರು. ಆದರೆ ಆ ಹುಡುಗ ಆಗ ನಮ್ಮ ಕಾವೇರಿಯನ್ನು ಕಣ್ಣಾರೆ ಕಂಡವನೇ ಅಲ್ಲ! ಅದೇ ಮುತ್ತಿಗೆಯ ಅವನ ಚಿತ್ರವನ್ನು ದರಿಯಾ ದೌಲತ್ತಿನಲ್ಲಿ ನೋಡಬಹುದು.

ಥಾಮಸ್ ಹಿಕಿಯದು ಬೇರೆ ದಾರಿ. ಐರ್ಲೆಂಡಿನ ಡಬ್ಲಿನ್ನಿನವನಾದ ಈತ 1799ರಲ್ಲಿ ಇಲ್ಲಿಗೇ ಬಂದ. ಟಿಪ್ಪುವಿನ ಮಕ್ಕಳನ್ನೂ ಆಸ್ಥಾನದವರನ್ನೂ ಎದುರಿಗೆ ಕೂರಿಸಿಕೊಂಡು ಬರೆದ. ಅವನ ರೇಖಾಚಿತ್ರಗಳಲ್ಲಿ ಹೊಗೆಯಿಲ್ಲ, ಕತ್ತಿಯಿಲ್ಲ. ತಂದೆಯನ್ನು ಕಳೆದುಕೊಂಡ ಹುಡುಗರ ಮುಖ ಅಷ್ಟೆ. ನನಗಂತೂ ದೊಡ್ಡ ಯುದ್ಧದ ಚಿತ್ರಕ್ಕಿಂತ ಈ ಮುಖಗಳೇ ಹೆಚ್ಚು ಕಾಡುತ್ತವೆ.

ಹೆಂಗಸರು ತಿಳಿಯಲೇಬೇಕಾದ ಇನ್ನೊಂದು ಸಂಗತಿ ಇದೆ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಅಷ್ಟೂ ಸಲ್ಲುವ ತನಕ ಇಬ್ಬರು ಗಂಡುಮಕ್ಕಳು ಒತ್ತೆಯಾಳು. ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟರ ಸುಮಾರು. ಅವರನ್ನು ಕರೆದೊಯ್ದ ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತಿದ್ದವನು. ಅವನ ಈ ಗೆಲುವನ್ನು ಚಿತ್ರವಾಗಿಸಿದವರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲೇ ಹುಟ್ಟಿದ ಮ್ಯಾಥರ್ ಬ್ರೌನ್ ಒಬ್ಬ. ಮಕ್ಕಳು ಅಂತಃಪುರದಿಂದ ಹೊರಡುವ ಗಳಿಗೆಯನ್ನೂ ಅವನು ಲಂಡನ್ನಿನಲ್ಲಿ ಕೂತೇ ಬರೆದ. ತಾಯಿ ಆ ಹೊತ್ತಿನಲ್ಲಿ ಹೇಗಿದ್ದಳೋ ಅವನೇನು ಕಂಡ? ಆದರೂ ಆ ಚಿತ್ರ ಅಚ್ಚಾಗಿ ಮಾರಾಟವಾಯಿತು. ಮಕ್ಕಳು ಹಿಂತಿರುಗಿದ್ದು 1794ರಲ್ಲಿ. ಎರಡು ವರ್ಷ ಮನೆಯಲ್ಲಿ ಕಾದವರನ್ನು ಯಾರೂ ಬರೆಯಲಿಲ್ಲ.

ಎಲ್ಲ ಚಿತ್ರವೂ ಹೀಗೇ ಅಂತಲ್ಲ. 1805ರ ಸುಮಾರಿಗೆ ಬರೆದ, ಹಿಕಿಯದೇ ಎಂದು ಹೇಳಲಾಗುವ ಒಂದು ವರ್ಣಚಿತ್ರದಲ್ಲಿ ಮೈಸೂರು ಅರಮನೆಯ ಮೂವರು ಹೆಂಗಸರಿದ್ದಾರೆ. ಬಲಗಡೆಯವಳು ಸೀರೆ ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದೂ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವೆಂದೂ ಸಂಶೋಧಕರ ಅಭಿಪ್ರಾಯ. ಜೆನ್ನರ್ ಲಸಿಕೆ ಹಾಕಿ ತೋರಿಸಿದ್ದು 1796ರಲ್ಲಿ. ಜನ ಇನ್ನೂ ಹೆದರುತ್ತಿದ್ದ ಕಾಲ. ಅರಮನೆಯ ಹೆಣ್ಣುಮಗಳೇ ತೋಳು ತೋರಿಸಿದರೆ ಊರಿನವರಿಗೆ ಧೈರ್ಯ ಬಾರದೆ ಇರುತ್ತದೆಯೆ?

ಇಲ್ಲಿಂದ ಹೋದ ವಸ್ತುಗಳೂ ಉಂಟು. ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅವರು ಬರೆದ ಚಿತ್ರ ನಮ್ಮಲ್ಲಿ, ನಮ್ಮ ಹುಲಿ ಅವರಲ್ಲಿ!

ಮುಂದಿನ ಸಲ ಹೋದಾಗ ಸಂಗಮಕ್ಕೆ ಮೊದಲೇ, ಮಕ್ಕಳು ದಣಿಯುವ ಮುಂಚೆ, ದರಿಯಾ ದೌಲತ್ತಿಗೆ ಹೋಗಿ. ಬಿಸಿಲು ತಾಗದಂತೆ ಮೊಗಸಾಲೆಗೆ ಪರದೆ ಇಳಿಬಿಟ್ಟಿರುತ್ತಾರೆ, ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ನಿಲ್ಲಿ. (ನಿಮ್ಮ ನಡುಮನೆಯ ಮದುವೆ ಫೋಟೋಗೂ ಇದೇ ಉಪಾಯ. ನೇರ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ.) ಗೋಡೆಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ; ಬೆರಳಿನ ಜಿಡ್ಡು ಬಣ್ಣ ಕೆಡಿಸುತ್ತದೆ. ಪ್ರತಿ ಚಿತ್ರದ ಮುಂದೆ ಮೂರೇ ಪ್ರಶ್ನೆ ಕೇಳಿ: ಬರೆದವನು ಯಾರು? ಅವನು ಕಣ್ಣಾರೆ ಕಂಡನೆ? ಚಿತ್ರದಲ್ಲಿ ಇಲ್ಲದವರು ಯಾರು?

ಮೂರನೆಯ ಪ್ರಶ್ನೆಗೆ ನಮ್ಮ ಮಕ್ಕಳು ಬಹಳ ಸಲ “ಅಮ್ಮ” ಅಂತ ಉತ್ತರ ಕೊಡಬಹುದು. ಅಷ್ಟು ಗಮನಿಸಿದರೆ ಸಾಕು, ಆ ಪ್ರವಾಸ ಸಾರ್ಥಕ.