ಬುಟ್ಟಿಯೇ ದೋಣಿಯಾದ ಸೀಮೆ

ಗುಂಡ್ಲುಪೇಟೆಯಲ್ಲಿ ನಿಂತು ದೋಣಿ ಕಟ್ಟುವ ಮಾತೆತ್ತಿದರೆ ಕೇಳಿದವರು ನಕ್ಕಾರು. ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೌಂಡಿನ್ಯವೆಂಬ ಹೆಸರು ಹೊತ್ತು ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುವ ಗುಂಡ್ಲುಹೊಳೆ, ಮಳೆ ಹಿಂದೆಗೆದರೆ ಸೊರಗಿಹೋಗುತ್ತದೆ. ಚಾಮರಾಜನಗರದ ಸುವರ್ಣಾವತಿಯೂ ದೋಣಿ ಹೊರುವಂಥವಳಲ್ಲ. ಆದರೂ ರಜೆ ಬಂತೆಂದರೆ, ಮರದ ದೋಣಿಯೊಂದನ್ನು ಮನೆಯಲ್ಲಿಯೇ ಮಾಡಬಹುದೆ ಎಂದು ಕೇಳುವ ವಿದ್ಯಾರ್ಥಿಗಳು ನಮ್ಮಲ್ಲಿ ಉಂಟು. ಮಾಡಬಹುದು, ಆದರೆ ಮರ ಬೇಡ, ಬಿದಿರು ತನ್ನಿ ಎಂದು ಅವರಿಗೆ ಹೇಳಬೇಕಾಗುತ್ತದೆ.

ದೋಣಿ ಎಂಬ ಮಾತಿನ ಹಿಂದೆ ಸಂಸ್ಕೃತದ ‘ದ್ರೋಣಿ’ ಇದೆ. ಮರದ ತೊಟ್ಟಿ ಎಂದು ಅದರ ಅರ್ಥ. ಒಂದೇ ಮರದ ಬೊಡ್ಡೆಯನ್ನು ತೋಡಿ ಮಾಡಿದ ದೋಣಿ ಕರಾವಳಿಗೆ ಸಲ್ಲುವುದು. ನಮ್ಮ ಒಳನಾಡಿನ ಹೊಳೆಗೆ ಸಲ್ಲುವುದು ಹರಿಗೋಲು. ಪುರಂದರದಾಸರು ದೇಹವನ್ನು ಒಂಬತ್ತು ತೂತಿನ ದೋಣಿ ಎನ್ನಲಿಲ್ಲ, ಹರಿಗೋಲು ಎಂದರು. ಕಂಡ ವಸ್ತುವನ್ನೇ ಹೇಳಿದರು.

1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಯ ಪಾಲಾದ ಕೊಳ್ಳೇಗಾಲದ ಕಡೆಗೆ ಹೋದರೆ ಈ ಮಾತಿನ ಮರ್ಮ ತಿಳಿಯುತ್ತದೆ. ಶಿವನಸಮುದ್ರದಿಂದ ಹೊಗೆನಕಲ್ಲಿನವರೆಗೆ ಕಾವೇರಿ ಬಂಡೆಗಳ ನಡುವೆ ನುಗ್ಗುವ ನದಿ. ಒಂದೆಡೆ ಮಡು, ಮರುಮಾರಿಗೆ ಮೊಣಕಾಲುದ್ದ ನೀರು. ಮರದ ದೋಣಿ ಬಂಡೆಗೆ ತಾಗಿದರೆ ಸೀಳೀತು. ಹರಿಗೋಲು ಬಳುಕಿ, ಜಾರಿ ಮುಂದೆ ಸಾಗುತ್ತದೆ. ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರು ಸಿಕ್ಕರೂ ಅದಕ್ಕೆ ಸಾಕು. ಹೊಳೆಯೊಡನೆ ಕೆಳಕ್ಕೆ ಬಂದ ಅಂಬಿಗ ಅದನ್ನು ಬೆನ್ನ ಮೇಲೆ ಕವುಚಿಕೊಂಡು ದಡದ ಹಾದಿಯಲ್ಲಿ ಮೇಲಕ್ಕೆ ನಡೆಯಬಲ್ಲ. ದೊಡ್ಡ ಆಮೆಯೊಂದು ಎದ್ದು ನಡೆದಂತೆ ಕಾಣುವ ಆ ದೃಶ್ಯ ಸೊಗಸಾದುದು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿಯನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನರ ಭಾರ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲವೆಂದೂ, ಇದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುವುದೆಂದೂ ಆತ ಬರೆದ. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸ್ ಯೂಫ್ರೆಟಿಸ್ ನದಿಯಲ್ಲಿಯೂ ಇಂಥದನ್ನೇ ಹೇಳುತ್ತಾನೆ. ಅಲ್ಲಿನ ವರ್ತಕರು ದೋಣಿಯೊಳಗೆ ಕತ್ತೆಯನ್ನೂ ಏರಿಸಿಕೊಂಡು ಬಂದು, ಬಾಬಿಲೋನಿನಲ್ಲಿ ಸರಕಿನೊಡನೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ಹಿಂದಿರುಗುತ್ತಿದ್ದರಂತೆ!

ಕಟ್ಟುವ ಕ್ರಮ ಮನೆಯಂಗಳಕ್ಕೆ ಒಗ್ಗುವಂಥದು. ಬಲಿತ ಬಿದಿರನ್ನು ಸೀಳಿ, ಗಿಣ್ಣು ಕೆತ್ತಿ, ದಬ್ಬೆಗಳನ್ನು ನೆಲದ ಮೇಲೆ ಹರಡಿ ಹೆಣೆಯುತ್ತಾರೆ. ನಡುವೆ ಕಲ್ಲು ಹೇರಿ, ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಗೆ ದಪ್ಪನೆಯ ಅಂಚು ಕಟ್ಟಿದರೆ ಒಡಲು ಸಿದ್ಧ. ಹಿಂದೆ ಹೊರಗೆ ದನದ ತೊಗಲು. ಬಳಿಕ ಟಾರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ. ಆರಡಿ ಅಗಲದ್ದನ್ನು ಕೈಪಳಗಿದವರು ಒಂದೆರಡು ದಿನದಲ್ಲಿ ಮುಗಿಸಬಲ್ಲರು. ನೋಡಿದರೆ ಇದು ಅಂಬಿಗನಿಗಿಂತ ಮೊದಲು ಮೇದರವನ ಕೆಲಸ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ ಇಬ್ಬರೂ ಹನ್ನೆರಡನೆಯ ಶತಮಾನದ ವಚನಕಾರರು. ಇಬ್ಬರ ಕಾಯಕವೂ ಈ ಒಂದು ಬುಟ್ಟಿಯಲ್ಲಿ ಕೂಡುತ್ತದೆ.

ಈಗ ಇಕ್ಕಟ್ಟು ಬಂದಿರುವುದು ಬಿದಿರಿಗೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿಯ ಬಿದಿರು ಆನೆಗಳ ಮೇವು. ಅದಕ್ಕೆ ಕತ್ತಿ ಹಾಕುವಂತಿಲ್ಲ, ಹಾಕಲೂ ಬಾರದು. ಹೆಬ್ಬಿದಿರಾದರೋ ನಾಲ್ಕೈದು ದಶಕಗಳಿಗೊಮ್ಮೆ ಹೂ ಬಿಟ್ಟು, ಅಕ್ಕಿ ಸುರಿಸಿ, ಮೆಳೆಮೆಳೆಯಾಗಿ ಸಾಯುತ್ತದೆ. ಸುಲಭಕ್ಕೆಂದು ಫೈಬರ್ ಹರಿಗೋಲು ಬಂದಿದೆ. ಅದರ ಮೇಲೆ ನನಗೆ ಕೋಪವಿಲ್ಲ. ಆದರೆ ದಬ್ಬೆ ಮುರಿದರೆ ಹೊಸ ದಬ್ಬೆ ತೂರಿಸಿ, ತೂತಿಗೆ ಟಾರು ಮೆತ್ತಿ, ದಡದಲ್ಲಿಯೇ ಸರಿಮಾಡಿಕೊಳ್ಳುವ ಸ್ವಾತಂತ್ರ್ಯ ಅದರಲ್ಲಿಲ್ಲ. ಕೊಂಡದ್ದು ಒಡೆದರೆ ಮತ್ತೆ ಕೊಳ್ಳಬೇಕು. ಹೆಣೆಯಬಲ್ಲ ಕೈಗಳಿಗೆ ಕೆಲಸ ತಪ್ಪಿದರೆ, ಮರಳಿ ಬಿದಿರು ದೊರೆತಾಗ ಅದನ್ನು ಬಾಗಿಸುವವರು ಯಾರು?

ಆದುದರಿಂದ ಕಲಿಯುವ ಹುಡುಗರು ಬೇಲಿಯಲ್ಲಿ ಬೆಳೆಸಿದ ಬಿದಿರನ್ನು ಕೊಂಡು, ಬುಟ್ಟಿ ಹೆಣೆಯುವವರ ಪಕ್ಕದಲ್ಲಿ ಕುಳಿತು ಆರಂಭಿಸಲಿ. ಮೂರು ವರ್ಷ ಬಲಿತ ಗಳವನ್ನೇ ಆರಿಸಲಿ. ಎಳೆಯದಕ್ಕೆ ಹುಳು ಬೇಗ ಹತ್ತುತ್ತದೆ. ಕಾವೇರಿಯ ಸೆಳವಿಗೆ ಇಳಿಯುವ ಸಾಹಸ ಬೇಡ. ಈಜು ಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ತೇಲುವ ಅಂಗಿ ತೊಟ್ಟು, ನಿಂತ ನೀರಿನ ಕೆರೆಯಂಚಿನಲ್ಲಿ ಪ್ರಯೋಗಿಸಲಿ. ಪಾಯೆಸನಿಗೆ ಅಚ್ಚರಿ ತಂದ ಆ ಸುತ್ತಾಟ ಅವರಿಗೂ ತಪ್ಪದು. ಹುಟ್ಟನ್ನು ಪಕ್ಕಕ್ಕೆ ಹಾಕಿದರೆ ಬುಟ್ಟಿ ಬುಗುರಿಯಾಗುತ್ತದೆ. ಮುಂದೆ ಚಾಚಿ ನೀರನ್ನು ತಮ್ಮತ್ತ ಸೆಳೆದುಕೊಂಡರೆ ಮೆಲ್ಲಮೆಲ್ಲನೆ ಮುಂದಕ್ಕೆ ಬರುತ್ತದೆ.