ಐವತ್ತರ ಹೆಣ್ಣಿಗೆ ಕಿವಿಮಾತು ಹೇಳುವವರು ಯಾರು?

ಐವತ್ತರ ಆಸುಪಾಸಿನ ಎಷ್ಟೋ ಹೆಂಗಸರು ಡಾಕ್ಟರ ಬಳಿ ಹೋಗುವುದು ಉರಿಮೂತ್ರ ಎಂದು ಹೇಳಿಕೊಂಡು. ಎರಡು ಮೂರು ತಿಂಗಳಿಗೊಮ್ಮೆ ಅದೇ ಉರಿ, ಅದೇ ಅವಸರ, ಮತ್ತೊಂದು ಆಂಟಿಬಯಾಟಿಕ್ ಕೋರ್ಸು. ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆಯಾಗುತ್ತದೆ. ಎಳನೀರು, ಬಾರ್ಲಿ ನೀರು ಕುಡಿಯಿರಿ ಎಂಬ ಸಲಹೆಯೂ ಸಿಗುತ್ತದೆ. ಗಂಡನೊಂದಿಗೆ ಕೂಡಿದಾಗ ಬ್ಲೇಡಿನಿಂದ ಗೀರಿದಂತಾಗುತ್ತದೆ ಎಂಬ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಡಾಕ್ಟರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಎರಡೂ ತೊಂದರೆಗೆ ಬೇರು ಒಂದೇ ಇರಬಹುದು ಎಂಬುದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ಆ ಬೇರು ಈಸ್ಟ್ರೋಜನ್ ಎಂಬ ಹಾರ್ಮೋನಿನ ಕೊರತೆ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ನಮ್ಮ ದೇಶದ ಹೆಂಗಸರಿಗೆ ಅದು ಸರಾಸರಿ 46–47ನೇ ವಯಸ್ಸಿಗೇ ಬರುತ್ತದೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲು. ಯೋನಿಯ ಒಳಪದರ ದಪ್ಪಗೆ, ಮಡಿಕೆ ಮಡಿಕೆಯಾಗಿ, ಹಿಗ್ಗುವಂತೆ ಇರುವುದು ಈಸ್ಟ್ರೋಜನ್ ಇರುವ ತನಕ. ಅದು ಇಳಿದಂತೆ ಪದರ ತೆಳುವಾಗುತ್ತದೆ, ರಕ್ತದ ಹರಿವು ಕುಗ್ಗುತ್ತದೆ, ಪಸೆ ಒಣಗುತ್ತದೆ. ಅಲ್ಲಿನ ಆಮ್ಲೀಯತೆಯನ್ನು ಕಾಯುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆಯಾಗಿ ಸೋಂಕಿಗೆ ದಾರಿಯಾಗುತ್ತದೆ. ಪಕ್ಕದಲ್ಲೇ ಇರುವ ಮೂತ್ರನಾಳವೂ ಅದೇ ಹಾರ್ಮೋನನ್ನು ನೆಚ್ಚಿಕೊಂಡ ಅಂಗ. ಹೀಗಾಗಿಯೇ ಯೋನಿಯ ಒಣಗುವಿಕೆ, ಕೂಡುವಾಗಿನ ನೋವು, ಉರಿಮೂತ್ರ ಎಲ್ಲವನ್ನೂ ಸೇರಿಸಿ ಒಂದೇ ಹೆಸರಿನಿಂದ ಕರೆಯಬೇಕೆಂದು ಅಂತರರಾಷ್ಟ್ರೀಯ ತಜ್ಞರ ಸಂಘಗಳು 2014ರಲ್ಲಿ ತೀರ್ಮಾನಿಸಿದವು. ಮುಟ್ಟು ನಿಂತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದರ ಒಂದಲ್ಲ ಒಂದು ಕಾಟ ಇರುತ್ತದೆ.

ಮೈ ಬಿಸಿಯೇರಿ ಬೆವರುವ ತೊಂದರೆ ಕೆಲವು ವರ್ಷಗಳಲ್ಲಿ ಬಹುತೇಕರಿಗೆ ತಾನಾಗಿ ಇಳಿಯುತ್ತದೆ. ಯೋನಿಯ ಒಣಗುವಿಕೆ ಹಾಗಲ್ಲ. ಚಿಕಿತ್ಸೆ ಇಲ್ಲದಿದ್ದರೆ ಕಾಲ ಕಳೆದಂತೆ ಹೆಚ್ಚುವುದೇ ಹೆಚ್ಚು. ತಾಳಿಕೊಂಡರೆ ಸರಿಹೋಗುತ್ತದೆ ಎಂದು ಹಿರಿಯರು ಹೇಳಿಕೊಟ್ಟ ಪಾಠ ಇಲ್ಲಿ ಉಲ್ಟಾ ಹೊಡೆಯುತ್ತದೆ. ತಾಳಿಕೊಂಡಷ್ಟೂ ಮೈ ನೋವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಗಂಡ ಹತ್ತಿರ ಬರುವ ಮೊದಲೇ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ನೋವು ಇಮ್ಮಡಿಯಾಗುತ್ತದೆ. ಆಮೇಲೆ ಅವಳು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ತಡವಾಗಿ ಮಲಗುತ್ತಾಳೆ. ಇವಳಿಗೆ ನಾನು ಬೇಡವಾದೆ ಎಂದು ಅವನು ಗೋಡೆ ಕಡೆ ತಿರುಗುತ್ತಾನೆ. ನನ್ನ ಪ್ರಕಾರ ಋತುಬಂಧ ದಾಂಪತ್ಯಕ್ಕೆ ಮಾಡುವ ಹಾನಿಗಿಂತ ಈ ತಪ್ಪು ತಿಳಿವಳಿಕೆ ಮಾಡುವ ಹಾನಿಯೇ ದೊಡ್ಡದು. "ರೀ, ನಂಗೆ ತುಂಬಾ ನೋವಾಗುತ್ತೆ. ನೀವು ಬೇಡ ಅಂತಲ್ಲ." ಹೇಳಬೇಕಾದದ್ದು ಇಷ್ಟೇ. ಆದರೆ ಮೂವತ್ತು ವರ್ಷ ಸಂಸಾರ ಮಾಡಿದವರಿಗೂ ಇದು ಸುಲಭಕ್ಕೆ ಬರುವುದಿಲ್ಲ.

ಬಾರದಿರಲು ಕಾರಣಗಳೂ ಇವೆ. ಡಾ. ಅನುಪಮಾ ನಿರಂಜನ 'ವಧುವಿಗೆ ಕಿವಿಮಾತು' ಬರೆದರು. ಕನ್ನಡದಲ್ಲಿ ಇಂಥ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ ವೈದ್ಯೆ ಅವರು. ವಧುವಿಗೆ ಹೇಳಲು ಅತ್ತಿಗೆ, ಚಿಕ್ಕಮ್ಮಂದಿರೂ ಇರುತ್ತಾರೆ. ಮಗಳ ಮದುವೆ ಮಾಡಿದವಳಿಗೆ ಯಾರೂ ಇಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂಬ ನಗು ಮಾತ್ರ ಇದೆ. ಜೊತೆಗೆ ಮನೆಯ ವ್ಯವಸ್ಥೆಯೂ ಒತ್ತಾಸೆಯಾಗಿಲ್ಲ: ಅಜ್ಜಿಯ ಮಗ್ಗುಲಲ್ಲಿ ಮೊಮ್ಮಗ, ಹಾಲಿನ ದಿವಾನದ ಮೇಲೆ ಅಜ್ಜ. ಇಲ್ಲವೇ ಸೊಸೆಯ ಬಾಣಂತನಕ್ಕೆಂದು ಅವಳು ಆರು ತಿಂಗಳು ಅಮೆರಿಕದಲ್ಲಿ, ಇವನು ಮೈಸೂರಿನಲ್ಲಿ.

ಪರಿಹಾರಗಳು ದುಬಾರಿಯಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ನೀರಿನಂಶದ್ದೋ ಸಿಲಿಕೋನಿನದ್ದೋ ಲೂಬ್ರಿಕೆಂಟ್ ಜೆಲ್ ಆ ಹೊತ್ತಿಗೆ ಹಚ್ಚಿಕೊಳ್ಳುವಂಥದ್ದು. ಯೋನಿಗೆಂದೇ ಇರುವ ಮಾಯಿಶ್ಚರೈಸರ್ ಬೇರೆ. ಕೂಡಲಿ ಬಿಡಲಿ, ಅದನ್ನು ವಾರಕ್ಕೆ ಎರಡು ಮೂರು ಸಲ ಬಳಸಬೇಕು. ಸುವಾಸನೆಯ, ಬಿಸಿ ಹುಟ್ಟಿಸುವ ಜೆಲ್‌ಗಳು ತೆಳುವಾದ ಚರ್ಮಕ್ಕೆ ಉರಿ ತರಬಲ್ಲವು. ಕೊಬ್ಬರಿ ಎಣ್ಣೆ ಸಾಲದೇ ಎಂದು ಕೇಳುವವರುಂಟು. ಕೆಲವರಿಗೆ ಒಗ್ಗುತ್ತದೆ, ಆದರೆ ಎಣ್ಣೆ ತಾಗಿದ ರಬ್ಬರ್ ಕಾಂಡೋಮ್ ಹರಿಯಬಹುದು. ಈ ವಯಸ್ಸಿಗೆ ಕಾಂಡೋಮೇಕೆ ಎನ್ನಬೇಡಿ. ಐವತ್ತರ ಒಳಗೆ ಮುಟ್ಟು ನಿಂತರೆ ಎರಡು ವರ್ಷ, ಐವತ್ತರ ನಂತರ ನಿಂತರೆ ಒಂದು ವರ್ಷ ಗರ್ಭನಿರೋಧಕ ಬೇಕೆನ್ನುತ್ತಾರೆ ವೈದ್ಯರು. ಸೋಪು, ಟಿವಿಯಲ್ಲಿ ಬರುವ ವಾಶ್‌ಗಳು ಒಳಭಾಗಕ್ಕೆ ಬೇಕಾಗಿಯೇ ಇಲ್ಲ.

ಜೆಲ್ ಸಾಲದವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಇದಕ್ಕೆ ವೈದ್ಯರ ಚೀಟಿ ಬೇಕು. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳಾಗಬಹುದು, ಬಿಟ್ಟರೆ ತೊಂದರೆ ಮರಳುತ್ತದೆ. ಮತ್ತೆ ಮತ್ತೆ ಬರುವ ಮೂತ್ರದ ಸೋಂಕನ್ನೂ ಇದು ತಗ್ಗಿಸುತ್ತದೆ. ಹಾರ್ಮೋನ್ ಎಂದೊಡನೆ ಕ್ಯಾನ್ಸರ್ ಭಯ ಹುಟ್ಟಿದ್ದು ಹೆಚ್ಚಾಗಿ 2002ರ ಅಮೆರಿಕದ ಅಧ್ಯಯನದಿಂದ. ಎರಡು ಹಾರ್ಮೋನು ಸೇರಿದ ಗುಳಿಗೆ ನುಂಗುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಿದ್ದನ್ನು ಅದು ಕಂಡಿತ್ತು. ಕಡಿಮೆ ಪ್ರಮಾಣದ ಕ್ರೀಮ್ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನು ಯೋನಿಗೆ ಲೇಸರ್ ಹೊಡೆದು 'ಹರೆಯ ಮರಳಿಸುವ' ಜಾಹೀರಾತುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಸಾವಿರಾರು ರೂಪಾಯಿ ಸುರಿಯುವ ಮೊದಲು ಇದು ನೆನಪಿರಲಿ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರ ಪಾಡು ಇನ್ನೂ ಕಷ್ಟ. ಉಳಿದವರಿಗೆ ವರ್ಷಗಟ್ಟಲೆ ನಿಧಾನವಾಗಿ ಆಗುವುದು ಇವರಿಗೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಬೇಡದಿದ್ದರೂ ಗರ್ಭಕೋಶದ ಆಪರೇಷನ್ ಮಾಡಿದ ಆರೋಪ ದೊಡ್ಡ ಸುದ್ದಿಯಾಗಿತ್ತು. ಅವರಲ್ಲಿ ಮೂವತ್ತೂ ದಾಟದವರಿದ್ದರು. ಆ ಚರ್ಚೆಯಲ್ಲೆಲ್ಲ ದುಡ್ಡಿನ ಲೆಕ್ಕ ಬಂತು, ಅವರ ದಾಂಪತ್ಯದ ಮಾತು ಬಂದದ್ದು ಕಡಿಮೆ.

ಆಸೆಯೇ ಬತ್ತಿದ್ದರೆ ಅದಕ್ಕೆ ಕ್ರೀಮ್ ಮದ್ದಲ್ಲ. ರಾತ್ರಿ ಬೆವರಿ ನಿದ್ದೆಗೆಟ್ಟವಳಿಗೆ ಬೇಕಿರುವುದು ಮೊದಲು ನಿದ್ದೆ. ಖಿನ್ನತೆಯ ಕೆಲವು ಮಾತ್ರೆಗಳೂ ಆಸೆ ತಗ್ಗಿಸುತ್ತವೆ. ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬದಲಿಸಬಹುದು. ಬಿಪಿ, ಸಕ್ಕರೆ ಇರುವ ಗಂಡನಿಗೂ ಇದೇ ವಯಸ್ಸಿನಲ್ಲಿ ತನ್ನದೇ ತೊಂದರೆಗಳಿರುತ್ತವೆ, ಅವನೂ ಬಾಯಿ ಬಿಡುವುದಿಲ್ಲ. ಕೂಡಲೇಬೇಕೆಂಬ ಒತ್ತಾಯ ಬಿಟ್ಟು ಅಪ್ಪಿಕೊಳ್ಳುವುದು, ನೇವರಿಸುವುದು, ಅವಸರವಿಲ್ಲದೆ ಹೊತ್ತು ಕಳೆಯುವುದಕ್ಕೆ ಮರಳಿದ ಜೋಡಿಗಳಲ್ಲಿ ಬಿಗಿದ ಮೈ ಸಡಿಲಾಗುವುದುಂಟು. ಆಗದಿದ್ದರೆ ಆ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ಫಿಸಿಯೋಥೆರಪಿಯೂ ಇದೆ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಕೂಡಿದ ಮೇಲೆ ಕಂಡರೂ, ಒಣಗಿದ್ದಕ್ಕೇ ಇರಬೇಕು ಎಂದು ಕೂರಬಾರದು. ತಡಮಾಡದೆ ವೈದ್ಯರಿಗೆ ತೋರಿಸಿ, ಅವರು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸಿ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಉಳಿದ ತೊಂದರೆ ಹೇಳಿಕೊಂಡಾಗ "ವಯಸ್ಸಾಯ್ತಲ್ಲಮ್ಮ, ಇನ್ನು ದೇವರ ಧ್ಯಾನ ಮಾಡಿ" ಎನ್ನುವ ವೈದ್ಯರೂ ಇದ್ದಾರೆ. ಅಂಥವರಿಗೆ ಫೀಸು ಕೊಟ್ಟು, ನಮಸ್ಕಾರ ಹೇಳಿ, ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಿ. ಸಾಧ್ಯವಾದರೆ ಯಜಮಾನರನ್ನೂ ಒಳಗೆ ಕರೆದುಕೊಂಡು ಹೋಗಿ.