ಕಣ್ಣಿನ ಒಳಮನೆಯನ್ನು ನೋಡಿಸಿದಿರಾ?

ನಮ್ಮ ಭಾವನವರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷಗಳಾಗಿದ್ದುವು. ಮಾಟುಂಗಾದ ಮನೆಯಲ್ಲಿ ಕುಳಿತು ವೃತ್ತಪತ್ರಿಕೆಯ ಸಣ್ಣಕ್ಷರವನ್ನೂ ಬಿಡದೆ ಓದುವವರು. “ಕಣ್ಣು ತೋರಿಸಿದಿರಾ?” ಎಂದು ನಾವು ಕೇಳಿದಾಗಲೆಲ್ಲ, “ವರ್ಷವರ್ಷವೂ ಕನ್ನಡಕದ ಅಂಗಡಿಯಲ್ಲಿ ನೋಡಿಸುತ್ತೇನಲ್ಲ!” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಕಳೆದ ವರ್ಷ ನಮ್ಮ ಕಾಟ ತಾಳಲಾರದೆ ಕಣ್ಣಿನ ವೈದ್ಯರಲ್ಲಿಗೆ ಬಂದರು. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನೂ ಸಲೀಸಾಗಿ ಓದಿದರು. ಆದರೂ ಅವರ ಎರಡು ಕಣ್ಣುಗಳೊಳಗೂ ರಕ್ತದ ಕಲೆಗಳಿದ್ದುವು!

ಇದು ಹೇಗೆಂದು ವಾಚಕರು ಕೇಳಬಹುದು. ಕಣ್ಣಿನ ಹಿಂಗೋಡೆಗೆ ರೆಟಿನಾ ಎಂಬ ತೆಳುಪೊರೆ ಅಂಟಿಕೊಂಡಿದೆಯಷ್ಟೆ. ರಕ್ತದಲ್ಲಿ ಹೆಚ್ಚಿದ ಸಕ್ಕರೆಯು ಅದರ ಸೂಕ್ಷ್ಮ ರಕ್ತನಾಳಗಳನ್ನು ವರ್ಷಗಟ್ಟಲೆ ಕೆಡಿಸುತ್ತ ಬರುತ್ತದೆ. ನಾಳಗಳು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತವೆ, ಒಸರುತ್ತವೆ. ಓದಲು ಬೇಕಾದ ನಟ್ಟನಡುವಿನ ಭಾಗಕ್ಕೆ ಕೇಡು ತಟ್ಟುವವರೆಗೆ ರೋಗಿಗೆ ಏನೂ ತಿಳಿಯದಿರಬಹುದು, ನೋವಂತೂ ಇರುವುದಿಲ್ಲ. ಅಂಗಡಿಯಲ್ಲಿ ಅಳೆಯುವುದು ಕನ್ನಡಕದ ನಂಬರನ್ನು. ಅದು ಬೇರೆ, ಇದು ಬೇರೆ.

ವೈದ್ಯರು ಮೊದಲು ಹನಿ ಹಾಕಿಸಿ ಅರ್ಧ ಗಂಟೆ ಕೂರಿಸುತ್ತಾರೆ. ಪಾಪೆ ಅರಳುತ್ತದೆ. ಬಾಗಿಲ ಸಂದಿಯಲ್ಲಿ ಇಣುಕುವುದಕ್ಕೂ ಬಾಗಿಲು ತೆರೆದು ನೋಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಆಮೇಲೆ ಬೆಳಕು ಬಿಟ್ಟು, ಮಸೂರ ಹಿಡಿದು ರೆಟಿನಾದ ಮೂಲೆಮೂಲೆಯನ್ನೂ ನೋಡುತ್ತಾರೆ. ಬದುಕಿರುವವರ ಕಣ್ಣಿನೊಳಗನ್ನು ಹೀಗೆ ನೋಡುವ ಉಪಕರಣವನ್ನು 1851ರಲ್ಲಿ ಲೋಕಕ್ಕೆ ತಿಳಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಈಗ ಕ್ಯಾಮರಾದಿಂದ ಚಿತ್ರವನ್ನೂ ತೆಗೆದಿಡುವುದುಂಟು; ಮುಂದಿನ ವರ್ಷ ಹೋಲಿಸಿ ನೋಡಲು ಅನುಕೂಲ. ಇಂತಹ ಚಿತ್ರಗಳಲ್ಲಿ ರೋಗವನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರಗಳನ್ನೊದಗಿಸಿದ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದೆಂಬುದು ನಮಗೆ ಸಂತೋಷದ ಸಂಗತಿ.

ನಡುಭಾಗ ಬಾತಿದೆಯೇ ಎಂಬುದನ್ನು ಓ.ಸಿ.ಟಿ. ಎಂಬ ಯಂತ್ರ ಬೆಳಕಿನಿಂದಲೇ ಅಳೆದು, ಪದರ ಪದರವಾಗಿ ತೋರಿಸುತ್ತದೆ. ಚುಚ್ಚುವ ಮಾತಿಲ್ಲ. ಒಸರುವ ಜಾಗವನ್ನೇ ಪತ್ತೆಹಚ್ಚಬೇಕಾದಾಗ ಮಾತ್ರ ತೋಳಿನ ನರಕ್ಕೆ ಹಳದಿ ಬಣ್ಣವನ್ನು ಚುಚ್ಚಿ, ಅದು ಕಣ್ಣಿಗೆ ಬರುತ್ತಲೇ ಒಂದಾದಮೇಲೊಂದು ಚಿತ್ರ ತೆಗೆಯುತ್ತಾರೆ. ಆ ದಿನವೂ ಮರುದಿನವೂ ಮೂತ್ರ ಹಳದಿಯಾದರೆ ಗಾಬರಿ ಬೇಡ.

ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯು ಗೊತ್ತಾಗುವ ಮೊದಲೇ ವರ್ಷಗಟ್ಟಲೆ ಅಡಗಿದ್ದಿರಬಹುದು. ಆದ್ದರಿಂದ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ಸಕ್ಕರೆ ಕಾಯಿಲೆಯಿರುವ ಹೆಣ್ಣುಮಕ್ಕಳು ಗರ್ಭಿಣಿಯರಾದರೆ ಮೊದಲ ತಿಂಗಳುಗಳಲ್ಲಿಯೇ ತೋರಿಸತಕ್ಕದ್ದು. ಕಣ್ಣ ಮುಂದೆ ಥಟ್ಟನೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ, ಅಂದೇ ಹೊರಡಿ. ಬೇಗ ಸಿಕ್ಕಿದ ಕೇಡನ್ನು ಲೇಸರ್ ಕಿರಣದಿಂದಲೋ ಇಂಜೆಕ್ಷನ್ನಿನಿಂದಲೋ ತಡೆಹಿಡಿಯಬಹುದು. ಕಳೆದುಹೋದ ದೃಷ್ಟಿ ಪೂರ್ತಿ ಮರಳುವುದು ಕಷ್ಟ.

ಹೋಗುವಾಗ ಜೊತೆಗೊಬ್ಬರಿರಲಿ, ಕಪ್ಪು ಕನ್ನಡಕವೂ ಇರಲಿ. ಹನಿಯ ಮಬ್ಬು ಕೆಲವು ಗಂಟೆ ಇಳಿಯದು. ಮುಂಬಯಿಯ ಲೋಕಲ್ ರೈಲಿನಲ್ಲಿ ಅದೊಂದು ಪಜೀತಿಯೇ ಸರಿ.

ಭಾವನವರ ನಡುಭಾಗಕ್ಕೆ ಇನ್ನೂ ಏನೂ ಆಗಿರಲಿಲ್ಲ. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಟ್ಟು ನಾಲ್ಕು ತಿಂಗಳಿಗೆ ಮತ್ತೆ ಬರಹೇಳಿದರು. ಆ ಸಂಜೆ ಪತ್ರಿಕೆಯನ್ನು ನಾವೇ ಓದಿಹೇಳಬೇಕಾಯಿತು. ಅವರು ಎಂದಿನಂತೆ ನಮ್ಮ ಉಚ್ಚಾರವನ್ನು ತಿದ್ದುತ್ತ ಕುಳಿತಿದ್ದರು.